ಹೆಪ್ಪಿನ ಹಾಗೆ ಹಂಚುವ ಪಾಠ



‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಉದ್ದದ ಹೆಸರು ಕೇಳಿ ಗಾಬರಿಯಾಗಬೇಡಿ. ವಿಷಯ ಸುಲಭ. ಮನೆಯಲ್ಲಿ ಮೊಸರು ಖಾಲಿಯಾದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರ್ತೇವೆ. ಅದರಿಂದ ನಮ್ಮ ಹಾಲೂ ಮೊಸರಾಗ್ತದೆ. ನಾಳೆ ನಾವು ಇನ್ನೊಬ್ಬರಿಗೆ ಹೆಪ್ಪು ಕೊಡ್ತೇವೆ. ಪಾಠವನ್ನು ಹೀಗೆ ಹಂಚುವುದೇ ಮುಕ್ತ ಸಂಪನ್ಮೂಲ.

ಇಲ್ಲಿ ಬರೆದವರು ಮೊದಲೇ ಅನುಮತಿ ಕೊಟ್ಟಿರುತ್ತಾರೆ. ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಆದರೆ ಸಾಮಾನ್ಯವಾಗಿ ಮೂಲ ಬರಹಗಾರರ ಹೆಸರು ಹೇಳಲೇಬೇಕು. ಪುಕ್ಕಟೆ ಸಿಕ್ಕಿದ್ದೆಲ್ಲಾ ಮುಕ್ತವಲ್ಲ. ನೋಡಲು ಬಿಟ್ಟು, ತಿದ್ದಲು ಬಿಡದ ಪಾಠಗಳೂ ಇವೆ. ಈ ಹೆಸರು 2002ರಲ್ಲಿ ಯುನೆಸ್ಕೋ ಸಭೆಯೊಂದರಲ್ಲಿ ಹುಟ್ಟಿತು.

ನಮ್ಮ ರಾಜ್ಯದಲ್ಲಿ 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಯೋಜನೆ ಶುರುವಾಯಿತು. ಡಿ.ಎಸ್.ಇ.ಆರ್.ಟಿ. ಜೊತೆಗೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಕೈಜೋಡಿಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪಾಠಗಳಿಗೆ ಸರ್ಕಾರಿ ಶಾಲೆಯ ಶಿಕ್ಷಕರೇ ಕನ್ನಡದಲ್ಲಿ ಚಟುವಟಿಕೆಗಳನ್ನು ಬರೆದರು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶವನ್ನು ಇದೇ ರೀತಿ ಮುಕ್ತ ಪರವಾನಗಿಗೆ ಒಪ್ಪಿಸಿತು.

ಇದರಿಂದ ನಮಗೇನು ಲಾಭ? ಗೈಡು, ಟ್ಯೂಶನ್ನಿಗೆ ದುಡ್ಡಿಲ್ಲದವರಿಗೂ ಒಳ್ಳೆಯ ವಿವರಣೆ ಸಿಗ್ತದೆ. ಬಯಲುಸೀಮೆಯ ರಾಗಿ ಹೊಲ ಇಟ್ಟುಕೊಂಡು ಬರೆದ ಮಣ್ಣಿನ ಪಾಠಕ್ಕೆ ನಮ್ಮ ಮೇಷ್ಟ್ರು ಅಡಿಕೆ ತೋಟದ ಉದಾಹರಣೆ ಸೇರಿಸಬಹುದು.

ಆದರೆ ಒಂದು ಮಾತು. ಪಾಠ ಮುಕ್ತವಾದರೆ ಸಾಲದು, ತಲುಪಬೇಕು. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಕರೆಂಟು ಹೋಗ್ತದೆ, ನೆಟ್‌ವರ್ಕು ಸಿಗೋದಿಲ್ಲ. ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಫೋನು, ಅದೂ ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗ್ತದೆ. ಫೋನಿದ್ದವರಿಗೆ ಮಾತ್ರ ಸಿಕ್ಕರೆ ಹಳೆಯ ಅಂತರ ಇನ್ನೂ ಹೆಚ್ಚಾಗ್ತದೆ, ಅಲ್ವಾ?

ನಕಲು ಮಾಡಲು ಅನುಮತಿ ಇರುವುದೇ ಇದಕ್ಕೆ ದಾರಿ. ಒಂದು ಕಡೆ ಇಳಿಸಿಕೊಂಡು ಒಂದೇ ಒಂದು ಪ್ರಿಂಟು ತೆಗೆದರೂ ಸಾಕು. ಅದನ್ನು ಕೈಯಲ್ಲಿ ಬರೆದು, ಬರೆದವರ ಹೆಸರು ಹಾಕಿ ಗೋಡೆಗೆ ಅಂಟಿಸಿದರೆ ಇಡೀ ಶಾಲೆ ಓದ್ತದೆ. ಗುರುಗಳಲ್ಲಿ ನನ್ನ ವಿನಂತಿ: ತಿಂಗಳಿಗೊಂದು ಪಾಠ ತೆಗೆದುಕೊಡಿ. ಅಂದವಾಗಿ ಬರೆಯುವ ಕೆಲಸ ನಮಗಿರಲಿ.