ಗಬ್ಬದ ನಾಲ್ಕರಿಂದ ಆರನೆಯ ತಿಂಗಳು: ಹೊರಗೆ ಕಾಣದ ಬದಲಾವಣೆಗಳು



ಕಳೆದ ಬೇಸಿಗೆಯಲ್ಲಿ ಬ್ಯಾಡಗಿ ತಾಲ್ಲೂಕಿನ ಸದಸ್ಯೆಯೊಬ್ಬರು ತಮ್ಮ ಎಚ್.ಎಫ್. ಮಿಶ್ರತಳಿ ಆಕಳನ್ನು ಹಾವೇರಿ ದನದ ಸಂತೆಗೆ ಕಳಿಸಿದರು. ಕೃತಕ ಗರ್ಭಧಾರಣೆ ಮಾಡಿಸಿ ಐದು ತಿಂಗಳಾಗಿತ್ತು. ಹೊಟ್ಟೆ ಇಳಿದಿರಲಿಲ್ಲ, ಕೆಚ್ಚಲು ಕಟ್ಟಿರಲಿಲ್ಲ, ಹಾಲು ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ನಡುವೆ ಒಮ್ಮೆ ಇನ್ನೊಂದು ಆಕಳ ಮೇಲೆ ಏರಿದ್ದನ್ನೂ ಮನೆಯವರು ಕಂಡಿದ್ದರು. ಆಕಳು ಖಾಲಿ ಎಂದು ತೀರ್ಮಾನಿಸಿ ಬಂದ ಬೆಲೆಗೆ ಕೊಟ್ಟರು. ಕೊಂಡವರು ರಾಣೆಬೆನ್ನೂರು ಕಡೆಯ ಸದಸ್ಯರು. ಮುಂದಿನ ವಾರ ಅವರ ಊರಿಗೆ ಹೋಗಿದ್ದಾಗ ನಾನು ಆ ಆಕಳನ್ನು ಪರೀಕ್ಷಿಸಿದೆ. ಐದು ತಿಂಗಳು ತುಂಬಿದ ಗಬ್ಬ! ಕಿವಿ ಓಲೆಯ ಹನ್ನೆರಡು ಅಂಕಿಯನ್ನು ಮೊಬೈಲಿನಲ್ಲಿ ಹಾಕಿ ನೋಡಿದರೆ ಗರ್ಭಧಾರಣೆಯ ತಾರೀಖೂ ಸರಿಯಾಗಿ ಹೊಂದಿತು. ಮಾರಿದವರಿಗೆ ವಿಷಯ ತಿಳಿದು ನನ್ನನ್ನು ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಐದು ತಿಂಗಳು ತುಂಬಿದ್ರೂ ಮೇಲೆ ಒಂದು ಗುರುತಾದ್ರೂ ಕಾಣಬಾರದೇನ್ರಿ?"

ಕಾಣುವುದಿಲ್ಲ ಎಂಬುದೇ ಈ ತಿಂಗಳುಗಳ ವಿಶೇಷ. ಮೊದಲ ಮೂರು ತಿಂಗಳು ಬೆದೆ ತಿರುಗಿ ಬಂತೇ ಇಲ್ಲವೇ ಎಂದು ನಾವೆಲ್ಲ ಕಣ್ಣಿಟ್ಟು ನೋಡುತ್ತೇವೆ. ಕೊನೆಯ ಮೂರು ತಿಂಗಳು ಹೊಟ್ಟೆ, ಕೆಚ್ಚಲು ತಾವೇ ಹೇಳುತ್ತವೆ. ನಡುವಿನ ಮೂರು ತಿಂಗಳನ್ನು ಯಾರೂ ಗಮನಿಸುವುದಿಲ್ಲ. ನನ್ನ ಅನುಭವದಲ್ಲಿ ತಪ್ಪಿಸಬಹುದಾದ ನಷ್ಟಗಳು ಹೆಚ್ಚಾಗಿ ಆಗುವುದು ಈ ಅವಧಿಯಲ್ಲೇ. ರೋಗದಿಂದ ಆಗುವುದಕ್ಕಿಂತ ಗಬ್ಬ ಇದೆ ಎಂಬುದು ತಿಳಿಯದೆ, ಇಲ್ಲವೇ ಮರೆತು ಆಗುವುದೇ ಹೆಚ್ಚು.

ತಾಯಿಯಲ್ಲಿ ಆಗುವುದೇನು?

ಆಕಳ ಗಬ್ಬ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಆದ್ದರಿಂದ ಎಮ್ಮೆಯಲ್ಲಿ ಈ ನಡುವಿನ ಅವಧಿ ಏಳನೆಯ ತಿಂಗಳ ಆರಂಭದವರೆಗೂ ಚಾಚುತ್ತದೆ. 2021ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದ ನಮ್ಮ ಧಾರವಾಡಿ ಎಮ್ಮೆಗೂ, ಮುರ್ರಾ, ಸುರ್ತಿಗೂ ಇದೇ ಲೆಕ್ಕ.

ಮೂರನೆಯ ತಿಂಗಳವರೆಗೆ ಗರ್ಭಕೋಶ ಸೊಂಟದ ಎಲುಬಿನ ಗೂಡಿನಲ್ಲಿ ಅಥವಾ ಅದರ ಅಂಚಿನಲ್ಲಿ ಇರುತ್ತದೆ. ನಾಲ್ಕನೆಯ ತಿಂಗಳಲ್ಲಿ ಅದರೊಳಗಿನ ನೀರು ಮತ್ತು ಕರುವಿನ ಭಾರಕ್ಕೆ ಅಂಚನ್ನು ದಾಟಿ ಹೊಟ್ಟೆಯ ತಳಕ್ಕೆ ಇಳಿಯುತ್ತದೆ. ಬಾವಿಗೆ ಇಳಿಬಿಟ್ಟ ಕೊಡದಂತೆ ಎಂದುಕೊಳ್ಳಿ. ಹಗ್ಗ ಮಾತ್ರ ಕೈಗೆ ಸಿಗುತ್ತದೆ, ಕೊಡ ಸಿಗುವುದಿಲ್ಲ. ಹೊಟ್ಟೆಯ ಎಡಭಾಗವನ್ನು ಮೇವಿನ ಚೀಲ ತುಂಬಿಕೊಂಡಿರುವುದರಿಂದ ಗರ್ಭಕೋಶ ಬಲಕ್ಕೆ ಸರಿದು ತಳದಲ್ಲಿ ಕೂರುತ್ತದೆ. ಆಕಳ ಹೊಟ್ಟೆಯೋ ಮೊದಲೇ ದೊಡ್ಡದು. ಅದರಲ್ಲಿ ಬೆಕ್ಕಿನಷ್ಟು ಗಾತ್ರದ ಕರು ಇದ್ದರೆ ಹೊರಗಿನಿಂದ ಹೇಗೆ ತಿಳಿದೀತು?

ಕೈ ಹಾಕಿ ನೋಡುವ ವೈದ್ಯರಿಗೂ ಈ ಹಂತ ಸ್ವಲ್ಪ ಕಷ್ಟದ್ದೇ. ನೌಕರಿಗೆ ಸೇರಿದ ಹೊಸತರಲ್ಲಿ ನಾಲ್ಕೂವರೆ ತಿಂಗಳ ಗಬ್ಬದ ಆಕಳೊಂದನ್ನು ಖಾಲಿ ಎಂದು ಹೇಳಿ ನಾನೂ ತಪ್ಪು ಮಾಡಿದ್ದೇನೆ. ಕರು ಕೈಗೆ ಸಿಗದಿದ್ದರೂ ಬೇರೆ ಎರಡು ಗುರುತುಗಳಿವೆ. ಒಂದು, ಗರ್ಭಕೋಶದ ಗೋಡೆಯ ಮೇಲೆ ಮಾಸು ಅಂಟಿಕೊಳ್ಳುವ ಗುಂಡಿಗಳು. ಆಕಳಲ್ಲಿ ಇವು ಸುಮಾರು 70ರಿಂದ 120 ಇರುತ್ತವೆ. ತಾಯಿಯ ರಕ್ತದಿಂದ ಕರುವಿಗೆ ಆಹಾರ, ಉಸಿರು ದಾಟುವುದು ಈ ಗುಂಡಿಗಳಲ್ಲಿಯೇ. ಇನ್ನೊಂದು, ಗರ್ಭಕೋಶಕ್ಕೆ ಹೋಗುವ ದೊಡ್ಡ ರಕ್ತನಾಳ. ನಾಲ್ಕನೆಯ ತಿಂಗಳ ಹೊತ್ತಿಗೆ ಅದು ದಪ್ಪವಾಗಿ, ಬೆರಳಿಟ್ಟರೆ ಸಾಮಾನ್ಯ ನಾಡಿಯಂತೆ ಬಡಿಯದೆ ಝುಮ್ಮೆಂದು ನಡುಗುತ್ತದೆ. ಪೈಪಿನಲ್ಲಿ ನೀರು ರಭಸದಿಂದ ಹರಿಯುವಾಗ ಕೈಗೆ ತಾಗುವಂತಹ ನಡುಕ ಅದು. ಆದ್ದರಿಂದಲೇ ಗರ್ಭ ಪರೀಕ್ಷೆಯನ್ನು 60ರಿಂದ 90 ದಿನದೊಳಗೆ, ಗರ್ಭಕೋಶ ಕೈಗೆ ಸುಲಭವಾಗಿ ಸಿಗುವಾಗಲೇ ಮಾಡಿಸಿಬಿಡಿ ಎಂದು ನಾವು ಪದೇ ಪದೇ ಹೇಳುವುದು.

ಗರ್ಭಕೋಶದ ಕೊರಳಿನಲ್ಲಿ ಈಗ ಗಟ್ಟಿಯಾದ ಲೋಳೆಯ ಬಿರಡೆ ಕೂತಿರುತ್ತದೆ. ಹೊರಗಿನ ರೋಗಾಣು ಒಳಗೆ ಹೋಗದಂತೆ ತಡೆಯುವ ಬಾಗಿಲು ಅದೊಂದೇ. ಹಾಲು ಕರೆಯುವ ಆಕಳಾದರೆ ಐದನೆಯ ತಿಂಗಳಿನಿಂದ ಹಾಲು ಇಳಿಯುವುದು ಸಹಜ. ಅದನ್ನು ರೋಗವೆಂದೋ ಆಕಳು ಕೆಟ್ಟಿತೆಂದೋ ತಿಳಿಯಬೇಡಿ. ಮೊದಲ ಗಬ್ಬದ ಮಣಕಗಳಲ್ಲಿ ಮಾತ್ರ ಐದನೆಯ ತಿಂಗಳಿಗೆ ಕೆಚ್ಚಲಿನ ಬುಡ ಸ್ವಲ್ಪ ತುಂಬಿ, ಮೊಲೆಯಲ್ಲಿ ಜೇನುತುಪ್ಪದಂತಹ ಅಂಟು ದ್ರವ ಬರುತ್ತದೆ. ಇದನ್ನು ತಿಳಿದವರು ಕುತೂಹಲಕ್ಕೆ ದಿನವೂ ಹಿಂಡಿ ನೋಡುವುದುಂಟು. ದಯವಿಟ್ಟು ಬೇಡ. ಮೊಲೆಯ ತೂತನ್ನು ಮುಚ್ಚಿರುವುದೂ ಆ ಅಂಟೇ. ಅದು ಹೋದರೆ ಈಯುವ ಮೊದಲೇ ಕೆಚ್ಚಲು ಬಾವು ಬರಬಹುದು.

ಕರುವಿನ ಬೆಳವಣಿಗೆ

ಎರಡು ತಿಂಗಳಿಗೆ ಸಣ್ಣ ಇಲಿ, ಮೂರಕ್ಕೆ ಹೆಗ್ಗಣ, ನಾಲ್ಕಕ್ಕೆ ಸಣ್ಣ ಬೆಕ್ಕು, ಐದಕ್ಕೆ ದೊಡ್ಡ ಬೆಕ್ಕು, ಆರಕ್ಕೆ ಸಣ್ಣ ನಾಯಿ: ಪಶುವೈದ್ಯ ವಿದ್ಯಾರ್ಥಿಗಳು ಕರುವಿನ ಗಾತ್ರವನ್ನು ನೆನಪಿಡುವುದು ಹೀಗೆ. ತೂಕದಲ್ಲಿ ಹೇಳುವುದಾದರೆ ನಾಲ್ಕು ತಿಂಗಳು ತುಂಬಿದಾಗ ಒಂದರಿಂದ ಎರಡು ಕೆ.ಜಿ., ಐದಕ್ಕೆ ಮೂರು ನಾಲ್ಕು ಕೆ.ಜಿ., ಆರಕ್ಕೆ ಐದರಿಂದ ಹತ್ತು ಕೆ.ಜಿ. ಹುಟ್ಟುವಾಗಿನ ತೂಕದ ಮೂರರಲ್ಲಿ ಎರಡು ಪಾಲು ಕೊನೆಯ ಮೂರು ತಿಂಗಳಲ್ಲಿ ಬರುತ್ತದೆ. ಇದನ್ನೇ ಹಿಡಿದು "ಕೊನೆಗೆ ತಿನ್ನಿಸಿದರಾಯಿತು" ಎನ್ನುವವರಿದ್ದಾರೆ. ತೂಕ ಕೊನೆಗೆ ಬರುತ್ತದೆ ನಿಜ, ಆದರೆ ಅಂಗಾಂಗಗಳ ರಚನೆ ಅಷ್ಟರಲ್ಲಿ ಬಹುತೇಕ ಮುಗಿದಿರುತ್ತದೆ.

ನಾಲ್ಕನೆಯ ತಿಂಗಳಲ್ಲಿ ಗೊರಸು ರೂಪುಗೊಂಡಿರುತ್ತದೆ. ಹೋರಿಗರುವಿನಲ್ಲಿ ಬೀಜಗಳು ಚೀಲಕ್ಕೆ ಇಳಿಯುತ್ತವೆ, ಹೆಣ್ಣುಗರುವಿನಲ್ಲಿ ನಾಲ್ಕು ಮೊಲೆಗಳು ಕಾಣುತ್ತವೆ. ಐದಕ್ಕೆ ತುಟಿ ಮತ್ತು ಹುಬ್ಬಿನ ಮೇಲೆ ಕೂದಲು ಮೂಡುತ್ತದೆ, ಆರಕ್ಕೆ ರೆಪ್ಪೆ ಮತ್ತು ಬಾಲದ ತುದಿಗೆ. ಮೈಯೆಲ್ಲ ಕೂದಲು ತುಂಬುವುದು ಆಮೇಲೆ. ಆಕಸ್ಮಾತ್ ಆಕಳು ಕಂದು ಹಾಕಿದರೆ ಈ ಗುರುತುಗಳಿಂದ ಎಷ್ಟು ತಿಂಗಳದ್ದೆಂದು ನೀವೇ ಅಂದಾಜು ಮಾಡಿ ವೈದ್ಯರಿಗೆ ಹೇಳಬಹುದು. ಕಾರಣ ಹುಡುಕಲು ಅದರಿಂದ ಬಹಳ ಸಹಾಯವಾಗುತ್ತದೆ.

ಕಣ್ಣಿಗೆ ಕಾಣದ ಇನ್ನೆರಡು ಕೆಲಸಗಳೂ ಈಗಲೇ ನಡೆಯುತ್ತವೆ. ಸ್ನಾಯುವಿನ ಎಳೆಗಳ ಸಂಖ್ಯೆ ಹೆಚ್ಚಾಗಿ ಈ ನಡುವಿನ ತಿಂಗಳುಗಳಲ್ಲಿ ನಿರ್ಧಾರವಾಗುತ್ತದೆ. ಹುಟ್ಟಿದ ಮೇಲೆ ಎಳೆಗಳು ದಪ್ಪವಾಗಬಹುದೇ ಹೊರತು ಸಂಖ್ಯೆ ಹೆಚ್ಚುವುದಿಲ್ಲ. ಹಾಗೆಯೇ ಹೆಣ್ಣುಗರುವಿನ ಅಂಡಾಶಯದಲ್ಲಿ ಜೀವಮಾನಕ್ಕೆ ಬೇಕಾದ ಅಂಡಗಳ ದಾಸ್ತಾನು ಹುಟ್ಟುವ ಮೊದಲೇ ಸಿದ್ಧವಾಗುತ್ತದೆ. ಅಂದರೆ ಇಂದು ನಿಮ್ಮ ಆಕಳಿಗೆ ಹಾಕುವ ಹಿಂಡಿಯಲ್ಲಿ ಮೂರು ವರ್ಷದ ಮೇಲೆ ಹಾಲು ಕೊಡಲಿರುವ ಮಣಕದ ಪಾಲೂ ಇದೆ.

ಗಬ್ಬದಲ್ಲಿ ಬೆದೆ, ಮತ್ತು ಬೆದೆಯ ಇಂಜೆಕ್ಷನ್

ಬ್ಯಾಡಗಿಯ ಆ ಆಕಳು ಗಬ್ಬದಲ್ಲಿದ್ದೂ ಬೆದೆ ತೋರಿಸಿದ್ದು ಸುಳ್ಳಲ್ಲ. ನೂರು ಗಬ್ಬದ ಆಕಳುಗಳಲ್ಲಿ ಸುಮಾರು ಮೂರರಿಂದ ಐದು ಹೀಗೆ ಮಾಡುತ್ತವೆ, ಅದೂ ಹೆಚ್ಚಾಗಿ ಮೂರರಿಂದ ಐದನೆಯ ತಿಂಗಳಲ್ಲಿ. ಈ ಬೆದೆ ಬೇಗ ಇಳಿಯುತ್ತದೆ, ಗಾಜಿನಂತೆ ಉದ್ದಕ್ಕೆ ಜೋಲುವ ಲೋಳೆ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಕಂಡು ಅವಸರದಲ್ಲಿ ಮತ್ತೆ ಗರ್ಭಧಾರಣೆ ಮಾಡಿಸಿದರೆ ನಳಿಕೆಯು ನಾನು ಮೇಲೆ ಹೇಳಿದ ಬಿರಡೆಯನ್ನು ಒಡೆಯುತ್ತದೆ. ಒಳಗಿನ ಚೀಲ ಹರಿದೋ, ಸೋಂಕು ತಗಲಿಯೋ ಆಕಳು ಕಂದು ಹಾಕುತ್ತದೆ. ಹಿಂದೆ ಗರ್ಭಧಾರಣೆ ಮಾಡಿಸಿ ಎರಡು ತಿಂಗಳು ದಾಟಿದ್ದರೆ, ಬೆದೆ ಎಷ್ಟೇ ಸ್ಪಷ್ಟವಾಗಿ ಕಂಡರೂ, ಮೊದಲು ಗರ್ಭ ಪರೀಕ್ಷೆ ಮಾಡಿ ಎಂದು ಕಾರ್ಯಕರ್ತರಿಗೆ ಹೇಳಿ. ಹೇಳುವ ಹಕ್ಕು ನಿಮ್ಮದು.

ಇದಕ್ಕಿಂತ ದೊಡ್ಡ ಅಪಾಯ ಬೆದೆಗೆ ತರುವ ಇಂಜೆಕ್ಷನ್‌ನದು. ಅಂಡಾಶಯದ ಮೇಲೆ ಹಳದಿ ಗಂಟು ಒಂದಿರುತ್ತದೆ. ಗಬ್ಬ ನಿಲ್ಲಿಸುವ ರಸವನ್ನು ಒಸರುವುದು ಅದೇ. ಐದನೆಯ ತಿಂಗಳವರೆಗೂ ಆಕಳು ಪೂರ್ತಿ ಅದನ್ನೇ ನೆಚ್ಚಿರುತ್ತದೆ. ಆಮೇಲಷ್ಟೇ ಮಾಸು ಸ್ವಲ್ಪ ಭಾರ ಹೊರುತ್ತದೆ. ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ ಆ ಗಂಟನ್ನು ಕರಗಿಸುತ್ತದೆ. ಖಾಲಿ ಆಕಳಿಗೆ ಅದು ಒಳ್ಳೆಯ ಔಷಧಿ. ನಾಲ್ಕು ತಿಂಗಳ ಗಬ್ಬದ ಆಕಳಿಗೆ ಕೊಟ್ಟರೆ ಕೆಲವೇ ದಿನಗಳಲ್ಲಿ ಕರು ಹೊರಬೀಳುತ್ತದೆ. ಪರೀಕ್ಷೆಯಿಲ್ಲದೆ, ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ ತಂದು ಕೊಡಿಸಿದ ಉದಾಹರಣೆಗಳನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಬಸುರಿ ಹೆಣ್ಣುಮಕ್ಕಳು ಮತ್ತು ಉಬ್ಬಸ ಇರುವವರು ಈ ಔಷಧಿಯ ಶೀಶೆಯನ್ನು ಮುಟ್ಟಲೂ ಬಾರದು. ಬೇರೆ ಕಾಯಿಲೆಗೆ ವೈದ್ಯರನ್ನು ಕರೆಸಿದಾಗಲೂ ಗಬ್ಬ ಎಷ್ಟು ತಿಂಗಳದ್ದೆಂದು ಅವರು ಕೇಳುವ ಮೊದಲೇ ಹೇಳಿ. ಜಂತುಹುಳದ ಔಷಧಿಯನ್ನು ಕೇಳಿಯೇ ಹಾಕಿ. ಕಾಲುಬಾಯಿ ಜ್ವರದ ಲಸಿಕೆಯನ್ನು ಮಾತ್ರ ಗಬ್ಬದ ನೆಪದಿಂದ ಈ ತಿಂಗಳುಗಳಲ್ಲಿ ತಪ್ಪಿಸಬೇಡಿ. ಅದರಲ್ಲಿ ಇರುವುದು ಸತ್ತ ರೋಗಾಣು.

ನಮ್ಮ ಭಾಗದ ಮೇವು

ಮೇವಿನ ವಿಷಯದಲ್ಲಿ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಗರ್ಭಧಾರಣೆಯ ತಿಂಗಳನ್ನು ನೋಡಿ ಲೆಕ್ಕ ಹಾಕಬೇಕು. ದೀಪಾವಳಿ ಆಸುಪಾಸಿನಲ್ಲಿ ಗಬ್ಬವಾದ ಆಕಳಿಗೆ ನಡುವಿನ ತಿಂಗಳುಗಳು ಬರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಆಗ ಗೋದಲಿಯಲ್ಲಿ ಇರುವುದು ಗೋವಿನಜೋಳದ ಒಣ ದಂಟು, ಇದ್ದರೆ ಜೋಳದ ಕಣಿಕೆ. ಹೊಟ್ಟೆ ತುಂಬುತ್ತದೆ, ಆದರೆ ಹಸಿರಿಲ್ಲದೆ ತಿಂಗಳುಗಟ್ಟಲೆ ಸಾಕಿದರೆ ಎ ಜೀವಸತ್ವ ಕಡಿಮೆಯಾಗಿ ಗಬ್ಬ ನಿಲ್ಲದಿರುವುದು, ಕುರುಡು ಅಥವಾ ನಿಶ್ಶಕ್ತ ಕರು ಹುಟ್ಟುವುದು, ಮಾಸು ಬೀಳದಿರುವುದು ಕಂಡುಬರುತ್ತದೆ. ದಿನಕ್ಕೆ ನಾಲ್ಕೈದು ಕೆ.ಜಿ. ಹಸಿರು ಸಿಕ್ಕರೂ ಬಹಳ ಮಟ್ಟಿಗೆ ಸಾಕು. ಬೋರ್‌ವೆಲ್ ಇದ್ದವರು ಎರಡು ಸಾಲು ನೇಪಿಯರ್ ಅಥವಾ ಕುದುರೆ ಮೆಂತೆ ಹಾಕಬಹುದು. ಇಲ್ಲದವರಿಗೆ ಬದುವಿನ ಚೊಗಚೆ, ನುಗ್ಗೆ ಸೊಪ್ಪು ಇದೆ.

ಮುಂಗಾರಿನಲ್ಲಿ ಗಬ್ಬವಾದವಕ್ಕೆ ಇನ್ನೊಂದು ತೊಂದರೆ. ಗೋವಿನಜೋಳದ ಒಕ್ಕಲಿಗೆ ಸರಿಯಾಗಿ ಮಳೆ ಬಂದರೆ ತೆನೆಗೆ ಬೂಸ್ಟು ಹಿಡಿಯುತ್ತದೆ. ಮಂಡಿಯಲ್ಲಿ ಮಾರಲಾಗದ್ದನ್ನು ದನಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಬೂಸ್ಟಿನ ವಿಷ ಈಲಿಯನ್ನೂ ಗಬ್ಬವನ್ನೂ ಕೆಡಿಸುತ್ತದೆ, ಹಾಲಿನಲ್ಲೂ ಇಳಿಯುತ್ತದೆ. ಒಣಗಿಸಿದರೆ ಬೂಸ್ಟು ಉದುರೀತು, ವಿಷ ಹೋಗುವುದಿಲ್ಲ. ಬ್ಯಾಡಗಿ ಕಡೆಯ ಮೆಣಸಿನಕಾಯಿ, ರಾಣೆಬೆನ್ನೂರು ಕಡೆಯ ಹತ್ತಿ ಮತ್ತು ಬೀಜೋತ್ಪಾದನೆ ಹೊಲಗಳಲ್ಲಿ ಔಷಧಿ ಹೊಡೆದ ಮೇಲೆ ಬದುವಿನ ಹುಲ್ಲನ್ನು ಕೊಯ್ದು ತರುವುದೂ ಹೀಗೆಯೇ ಅಪಾಯ.

ಪಶು ಆಹಾರದ ಲೆಕ್ಕ ಸರಳ: ಮೈ ಪೋಷಣೆಗೆ 2 ಕೆ.ಜಿ., ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400ರಿಂದ 500 ಗ್ರಾಂ, ಜೊತೆಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಗಬ್ಬಕ್ಕೆಂದು ಹೆಚ್ಚಿನ ಒಂದೂವರೆ ಕೆ.ಜಿ. ಕೊನೆಯ ಎರಡು ಮೂರು ತಿಂಗಳಿಗೆ ಸೇರಿದ್ದು. ಆದರೆ ಹಾಲು ಇಳಿಯಿತೆಂದು ಈಗಲೇ ಮೈ ಪೋಷಣೆಯ ಪಾಲಿಗೂ ಕೈ ಹಾಕಬೇಡಿ. ಪಕ್ಕೆಲುಬು ಎಣಿಸುವಂತಿರುವ ಆಕಳು ಮೈ ತುಂಬಿಕೊಳ್ಳಲು ಇದೇ ಸಮಯ. ಮಣಕಕ್ಕಂತೂ ತಾನೂ ಬೆಳೆಯಬೇಕು, ಕರುವನ್ನೂ ಬೆಳೆಸಬೇಕು; ಹಾಲಿಲ್ಲವೆಂದು ಅದನ್ನು ಬರೀ ಕಣಿಕೆಯ ಮೇಲೆ ಬಿಡುವುದು ಲೆಕ್ಕ ತಪ್ಪಿದ ಉಳಿತಾಯ.

ಕಂದು ಹಾಕಿದರೆ

2022ರಲ್ಲಿ ಚರ್ಮಗಂಟು ರೋಗ ಬಂದಾಗ ಜ್ವರದ ತಾಪಕ್ಕೆ ಕಂದು ಹಾಕಿದ ಆಕಳುಗಳನ್ನು ನೋಡಿದ್ದೀರಿ. ಐದನೆಯ ತಿಂಗಳ ನಂತರ ಬೀಳುವ ಗಬ್ಬಕ್ಕೆ ಬ್ರುಸೆಲ್ಲಾ ರೋಗವೂ ಕಾರಣವಿರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಬಿದ್ದ ಕರು, ಮಾಸುಗಳನ್ನು ಬರಿಗೈಯಲ್ಲಿ ಮುಟ್ಟದೆ, ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಂಡು, ಸುಣ್ಣ ಹಾಕಿ ಆಳವಾಗಿ ಹೂಳಿ. ನಾಯಿಗೆ ಎಸೆಯಬೇಡಿ. ನಾಯಿಯ ಹೊಟ್ಟೆಯಲ್ಲಿ ಬೆಳೆದು ಅದರ ಮಲದ ಮೂಲಕ ಮೇವಿಗೆ ಸೇರಿ, ಐದಾರನೆಯ ತಿಂಗಳಲ್ಲಿ ಗಬ್ಬ ಬೀಳಿಸುವ ಇನ್ನೊಂದು ರೋಗಾಣುವೂ ಇದೆ. ಆಕಳನ್ನು ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ಕೀಲು ನೋವು ಬಂದರೆ ಆಕಳು ಕಂದು ಹಾಕಿದ್ದನ್ನು ಆಸ್ಪತ್ರೆಯಲ್ಲಿ ಹೇಳಿ. ಬ್ರುಸೆಲ್ಲಾ ಲಸಿಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಮಾತ್ರ. ಗಬ್ಬದ ಆಕಳಿಗೆ ಹಾಕಿಸಬಾರದು.

ತಾರೀಖು ಬರೆದಿಡುವುದಕ್ಕೆ ದೊಡ್ಡ ಪುಸ್ತಕ ಬೇಡ. ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟ ಸದಸ್ಯರಿದ್ದಾರೆ. ಉದಾಹರಣೆಗೆ ಆಗಸ್ಟ್ 10ಕ್ಕೆ ಗರ್ಭಧಾರಣೆಯಾದರೆ ಅಕ್ಟೋಬರ್ 10ರಿಂದ ನವೆಂಬರ್ ಮೊದಲ ವಾರದೊಳಗೆ ಪರೀಕ್ಷೆ ಮಾಡಿಸಬೇಕು. ಈ ಲೇಖನದ ಮೂರು ತಿಂಗಳು ನವೆಂಬರ್ 10ರಿಂದ ಫೆಬ್ರವರಿ 10ರವರೆಗೆ. ಮಾರ್ಚ್ 18ರ ಸುಮಾರಿಗೆ ಹಾಲು ಬತ್ತಿಸಬೇಕು, ಆಕಳು ಈಯುವುದು ಮೇ 17ರ ಹಿಂದೆ ಮುಂದೆ. ಅದೇ ದಿನ ಗಬ್ಬವಾದ ಎಮ್ಮೆಯಾದರೆ ಜೂನ್ 16ರವರೆಗೆ ಕಾಯಬೇಕು.