ಒಂದೇ ಪಯಣ, ಎರಡು ಮತ

2024ರ ಮೇ 7ರಂದು ಸುರಪುರದ ಮತದಾರರು ಒಮ್ಮೆಗೇ ಎರಡು ಮತಗಳನ್ನು ಚಲಾಯಿಸಿದರು: ಒಂದು ಲೋಕಸಭೆಗೆ, ಇನ್ನೊಂದು ಶಾಸಕ ರಾಜಾ ವೆಂಕಟಪ್ಪ ನಾಯಕರ ನಿಧನದಿಂದ ತೆರವಾಗಿದ್ದ ವಿಧಾನಸಭಾ ಸ್ಥಾನಕ್ಕೆ. ಊರು ಬಿಟ್ಟು ಹೋಟೆಲಿನ ಒಲೆಯೆದುರೋ ಕಚೇರಿಯ ಮೇಜಿನೆದುರೋ ದುಡಿಯುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ. ರಜೆಯೂ ಒಂದೇ, ರೈಲಿನ ಖರ್ಚೂ ಒಂದೇ.

ಕುಂದಗೋಳ, ಚಿಂಚೋಳಿಗಳ ಪಾಡು ಬೇರೆಯಾಯಿತು. 2019ರ ಏಪ್ರಿಲ್ 23ರಂದು ಲೋಕಸಭೆಗೆ ಮತವಿತ್ತ ಅಲ್ಲಿಯ ಜನರು ಮೇ 19ರಂದು ಉಪಚುನಾವಣೆಗೆಂದು ಮತ್ತೆ ಸಾಲುಗಟ್ಟಿದರು. ಕುಂದಗೋಳದ ಶಾಸಕರು ತೀರಿಕೊಂಡದ್ದು ಮಾರ್ಚ್ 22ರಂದು. ಸಿದ್ಧತೆಗೆ ಕಾಲ ಸಾಲದೆ ಹೋಗಿರಬಹುದು. ಆದರೂ, ಮುಂಬಯಿಯಿಂದ ಒಮ್ಮೆ ಹೋಗಿಬಂದ ಮಾಣಿಗೆ ತಿಂಗಳೊಳಗೆ ಪುನಃ ರಜೆ ಕೊಡುವ ಧಣಿ ಎಲ್ಲಿದ್ದಾನೆ?

ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯಿದೆಯ 151ಎ ಕಲಮು ವಿಧಿಸುತ್ತದೆ. ಅವಧಿ ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಬೇಕಿಲ್ಲ. ಮಂಡ್ಯ, ಶಿವಮೊಗ್ಗ, ಬಳ್ಳಾರಿಗಳು 2018ರ ಮೇ ತಿಂಗಳಲ್ಲಿ ತೆರವಾದಾಗ ವರ್ಷದ ಮೇಲೆ ಸುಮಾರು ಹದಿನೈದು ದಿನ ಉಳಿದಿತ್ತು. ಅಷ್ಟಕ್ಕೇ ನವೆಂಬರ್ 3ರಂದು ಉಪಚುನಾವಣೆ. ಮರುವರ್ಷದ ಏಪ್ರಿಲಿನಲ್ಲಿ ಪುನಃ ಚುನಾವಣೆ!

ಕ್ಷೇತ್ರವು ಪ್ರತಿನಿಧಿಯಿಲ್ಲದೆ ಬಹುಕಾಲ ಬರಿದಾಗಿರುವುದು ನಮಗೂ ಸಮ್ಮತವಲ್ಲ. ಆದರೆ ಆರು ತಿಂಗಳ ಗಡುವಿನೊಳಗೆ ದೊಡ್ಡ ಚುನಾವಣೆಯೇ ಬರುತ್ತಿದ್ದರೆ ಎರಡನ್ನೂ ಒಂದೇ ದಿನಕ್ಕೆ ಕೂಡಿಸಲು ಕಾಯಿದೆಯ ಅಡ್ಡಿಯಿಲ್ಲ. ಸುರಪುರದಲ್ಲಿ ಆಯೋಗವು ಕೂಡಿಸಿಯೇ ತೋರಿಸಿತಷ್ಟೆ.