ಹೊಳೆ ಇಳಿದ ಮೇಲೆ ಗೋಡೆಗೆ ಬರುವ ಅತಿಥಿ

ಹೊಳೆ ಇಳಿದು ಎರಡು ಮೂರು ದಿನಕ್ಕೆ ಅಡುಗೆಮನೆಯ ಗೋಡೆಯಲ್ಲಿ, ನೆಲದಿಂದ ಒಂದು ಮೊಳ ಮೇಲೆ, ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು ಕಾಣಿಸುತ್ತವೆ. ವಾರ ಕಳೆಯುವಷ್ಟರಲ್ಲಿ ಅವು ರೊಟ್ಟಿಯಗಲ ಹರಡಿರುತ್ತವೆ. ಮೂಲೆಯಲ್ಲಿ ಮಡಚಿಟ್ಟ ಕೌದಿ ಮುಗ್ಗಲು ವಾಸನೆ ಹೊಡೆಯುತ್ತದೆ. ಜೋಳದ ಚೀಲದ ಬಾಯಿ ಬಿಚ್ಚಿದರೆ ಬೂದಿ ಬಣ್ಣದ ಧೂಳು ಏಳುತ್ತದೆ. ಮನೆಗೆ ಬೂಷ್ಟು ಹತ್ತಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ನೆನಪಾಗುವುದು ಬರ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಕಾದ ಬಂಡೆ, ಒಣ ಗಾಳಿ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಐದೂ ತಾಲ್ಲೂಕುಗಳಲ್ಲಿ ಬೂಷ್ಟಿನ ಮಾತೇಕೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಹಡಗಲಿಯ ಕುರುವತ್ತಿ, ಮೈಲಾರ, ಹರಪನಹಳ್ಳಿಯ ಗರ್ಭಗುಡಿ, ಹಲುವಾಗಲು ಸೀಮೆಯವರು ತುಂಗಭದ್ರೆಯ ಮಗ್ಗುಲಲ್ಲೇ ಬದುಕುವವರು. ಹೊಳೆಯಿಂದ ದೂರದ ಕೂಡ್ಲಿಗಿ, ಕೊಟ್ಟೂರಿನ ಕಡೆಗೂ ಜಡಿಮಳೆ ಹಿಡಿದರೆ ಮಾಳಿಗೆ ಸೋರದೆ ಬಿಡದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಲಕ್ಷಗಟ್ಟಲೆ ಮನೆಗಳು ಬಿದ್ದವು, ಬಿರುಕುಬಿಟ್ಟವು. 2019ರ ಆಗಸ್ಟ್‌ನಲ್ಲಿ ಮತ್ತೆ ನೆರೆ. 2021ರ ನವೆಂಬರ್‌ನಲ್ಲಿ, ಮಳೆಯೇ ಬರಬಾರದ ಹೊತ್ತಿನಲ್ಲಿ, ವಾರಗಟ್ಟಲೆ ಮಳೆ.

ಮತ್ತೆ ಮತ್ತೆ ಬರುವ ಈ ಬೂಷ್ಟು ಎಂಥ ಜೀವಿ? ಅದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಶಿಲೀಂಧ್ರ. ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಎಲೆ ಅದಕ್ಕಿಲ್ಲ, ನುಂಗಲು ಬಾಯಿಯೂ ಇಲ್ಲ. ಅದರ ಮೈ ಎಂದರೆ ಹತ್ತಿಯ ಎಳೆಗಿಂತ ಎಷ್ಟೋ ಸಣ್ಣ ನೂಲುಗಳ ಬಲೆ. ಆ ನೂಲುಗಳು ತಾವು ಕೂತ ಮರ, ಬಟ್ಟೆ, ಕಾಗದದ ಮೇಲೆ ಪಾಚಕ ರಸ ಸುರಿಸಿ, ಅಲ್ಲೇ ಕರಗಿಸಿ, ಕರಗಿದ್ದನ್ನು ಹೀರುತ್ತವೆ. ಊಟ ಹೊಟ್ಟೆಯ ಹೊರಗೇ ಅರಗುತ್ತದೆ. ಅದಕ್ಕೇ ಬೂಷ್ಟು ಹತ್ತಿದ ಕೌದಿ ಮುಟ್ಟಿದರೆ ಪಿಸಿಯುತ್ತದೆ.

ಚುಕ್ಕೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಆಸ್ಪರ್ಜಿಲಸ್ ಎಂಬ ಬೂಷ್ಟಾಗಿದ್ದರೆ ನೀಳ ದಂಟಿನ ತುದಿಗೆ ಚೆಂಡುಹೂವಿನಂಥ ತಲೆ, ಅದರ ಸುತ್ತ ಮಣಿಸರದ ಹಾಗೆ ಪೋಣಿಸಿದ ಬೀಜಕಣಗಳು. ಪೆನಿಸಿಲಿಯಂ ಆಗಿದ್ದರೆ ಪುಟ್ಟ ಕಸಬರಿಗೆ; 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ ಪೆನಿಸಿಲಿನ್ ಕೊಟ್ಟದ್ದು ಇದೇ ಬಳಗ. ಆಸ್ಪರ್ಜಿಲಸ್ ಬೀಜಕಣವೊಂದರ ಅಗಲ ಮೂರು ನಾಲ್ಕು ಮೈಕ್ರಾನ್. ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಇಪ್ಪತ್ತು ಕಣಗಳು ಸಾಲಾಗಿ ಕೂರಬಲ್ಲವು. ಇವು ಎಲ್ಲ ಮನೆಯ ಗಾಳಿಯಲ್ಲೂ ಸದಾ ಇರುತ್ತವೆ. ಕಾಯುವುದು ನೀರಿಗೆ ಮಾತ್ರ. ಒದ್ದೆ ಸಿಕ್ಕಿ 24ರಿಂದ 48 ಗಂಟೆಯೊಳಗೆ ಮೊಳೆಯಲು ಶುರು.

ಬಯಲುಸೀಮೆಯ ಮನೆ ಬಿಸಿಲನ್ನು ನೆನೆದು ಕಟ್ಟಿದ್ದು. ದಪ್ಪ ಮಣ್ಣಿನ ಗೋಡೆ, ಸಣ್ಣ ಕಿಟಕಿ, ಮೇಲೆ ತೊಲೆ, ಜಂತಿ, ಅದರ ಮೇಲೆ ಸೊಪ್ಪು, ಸವುಳು ಮಣ್ಣಿನ ಮಾಳಿಗೆ. ಏಪ್ರಿಲ್‌ನಲ್ಲಿ ತಂಪು ಕೊಡುವ ಆ ದಪ್ಪ ಗೋಡೆಯೇ ನೆರೆಯ ನೀರು ಕುಡಿದರೆ ತಿಂಗಳುಗಟ್ಟಲೆ ಬಿಡದು. ಬರೀ ಮಣ್ಣು ಬೂಷ್ಟಿಗೆ ಆಹಾರವಲ್ಲ. ಮಣ್ಣಿಗೆ ಕಲಸಿದ ಹೊಟ್ಟು, ಸಾರಿಸಿದ ಸಗಣಿ, ಜಂತಿಯ ಮರ, ಗೋಣಿಚೀಲ ಇವೆಲ್ಲ ಆಹಾರ. ಹಿರಿಯರು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದುದರಲ್ಲಿ ವಿಜ್ಞಾನವಿದೆ: ಹೊಸ ಸುಣ್ಣದ ಕ್ಷಾರ ಬೂಷ್ಟನ್ನು ಹತ್ತಿರ ಸೇರಿಸುವುದಿಲ್ಲ, ಗೋಡೆಯ ತೇವ ಆರುವುದನ್ನೂ ತಡೆಯುವುದಿಲ್ಲ. ಗಾಳಿಯ ಸಂಗಡ ಸೇರಿ ಸುಣ್ಣ ಗಟ್ಟಿಯಾದಂತೆ ಕ್ಷಾರ ಕುಂದುತ್ತದೆ, ಆದ್ದರಿಂದ ಮತ್ತೆ ಬಳಿಯಬೇಕು. ಹಸಿ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿ ಆಯಿಲ್ ಪೇಂಟ್ ಹೊಡೆದರೆ ಮಾತ್ರ ನೀರು ಒಳಗೇ ಸೆರೆಯಾಗುತ್ತದೆ.

ಗೋಡೆಯ ಮೇಲೆ ಬಿಳಿಯಾಗಿ ಕಂಡದ್ದೆಲ್ಲ ಬೂಷ್ಟಲ್ಲ. ಬೆರಳಿಗೆ ನೀರು ಅದ್ದಿ ಮುಟ್ಟಿ ನೋಡಿ. ಕರಗಿ ಮಾಯವಾದರೆ ಅದು ಮಣ್ಣಿನಿಂದ ಮೇಲೇರಿದ ಉಪ್ಪು. ಕರಗದೆ ನವಿರಾಗಿ ಅಂಟಿಕೊಂಡರೆ ಬೂಷ್ಟು. ಕಪ್ಪು ಬೂಷ್ಟು ಕಂಡ ಕೂಡಲೇ 2021ರ ಬ್ಲ್ಯಾಕ್ ಫಂಗಸ್ ನೆನೆದು ಹೆದರಬೇಕಿಲ್ಲ. ಆ ಕಾಯಿಲೆ ತರುವ ಮ್ಯೂಕರ್ ಬಳಗ ಬೇರೆ, ಅಲ್ಲಿ ಕಪ್ಪಾಗುತ್ತಿದ್ದುದು ರಕ್ತ ಹರಿಯದೆ ಸತ್ತ ಮಾಂಸ.

ಹಾಗೆಂದು ಬೂಷ್ಟು ಸಾಧುವೇನಲ್ಲ. ತೇವ ಮತ್ತು ಬೂಷ್ಟಿನ ಮನೆಯಲ್ಲಿರುವವರಿಗೆ ಉಬ್ಬಸ, ಕೆಮ್ಮು, ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಿಂದೆ ಕ್ಷಯವಾಗಿ ಎದೆಯಲ್ಲಿ ಪೊಳ್ಳು ಉಳಿದವರಿಗೆ ಆ ಪೊಳ್ಳಿನಲ್ಲೇ ಆಸ್ಪರ್ಜಿಲಸ್ ಉಂಡೆಗಟ್ಟಿ ಬೆಳೆದು, ಕೆಮ್ಮಿದಾಗ ರಕ್ತ ಬರಬಹುದು. 2005ರ ಕತ್ರಿನಾ ಚಂಡಮಾರುತದ ನಂತರ ಅಮೆರಿಕದ ನ್ಯೂ ಆರ್ಲಿಯನ್ಸ್ ಸೀಮೆಯಲ್ಲಿ 112 ಮನೆಗಳನ್ನು ಪರೀಕ್ಷಿಸಿದಾಗ 51ರಲ್ಲಿ ಕಣ್ಣಿಗೆ ಕಾಣುವಂತೆ ಬೂಷ್ಟಿತ್ತು. ಅಂದರೆ ಇದು ಬಡ ಮಣ್ಣಿನ ಮನೆಯ ದೋಷವಲ್ಲ. ನೀರು ನಿಂತ ಯಾವ ಮನೆಯ ಪಾಡೂ ಇಷ್ಟೇ.

ಕಾಳಿನ ವಿಷಯ ಇನ್ನೂ ಗಂಭೀರ. 1995ರಲ್ಲಿ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಮುಗ್ಗಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹಿಡಿಯಿತು. ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ಕಾಯಿಲೆಯಿತ್ತು, ಅದೂ ಮುಗ್ಗಿದ ಕಾಳು ಬಳಸಿದ ಮನೆಗಳಲ್ಲಿ ಮಾತ್ರ. ಕಾರಣ ಫ್ಯುಮೊನಿಸಿನ್ ಎಂಬ ಬೂಷ್ಟಿನ ವಿಷ. ಶೇಂಗಾ, ಮೆಕ್ಕೆಜೋಳಕ್ಕೆ ಹತ್ತುವ ಇನ್ನೊಂದು ಬೂಷ್ಟಿನ ವಿಷ ಅಫ್ಲಟಾಕ್ಸಿನ್, ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ತೊಳೆದು ಒಣಗಿಸಿದರೂ, ಬೀಸಿ ಹಂಚಿನ ಮೇಲೆ ರೊಟ್ಟಿ ಸುಟ್ಟರೂ ಈ ವಿಷ ಪೂರ್ತಿ ಹೋಗದು. ಹಸಿದ ಮನೆಗೆ ಕಾಳು ಚೆಲ್ಲು ಎನ್ನುವುದು ಕಠಿಣ ಮಾತು. ಪರಿಹಾರದ ಅಕ್ಕಿ ಬೇಗ ತಲುಪಬೇಕು ಎನ್ನುವುದು ಅದಕ್ಕೇ.

2019ರ ನೆರೆಯಲ್ಲಿ ಸರ್ಕಾರ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ನೀರು ನುಗ್ಗಿದ ಮನೆಯ ಕುಟುಂಬಕ್ಕೆ 10 ಸಾವಿರ. ಗೋಡೆ ಎಷ್ಟು ಬಿತ್ತು ಎಂಬುದು ಅಲ್ಲಿ ಲೆಕ್ಕ. ಬೀಳದೆ ನಿಂತು ಒಳಗೊಳಗೇ ಹಸಿಯಾಗಿರುವ, ಕೂಸು ಬಾಣಂತಿ ಮಲಗುವ ಗೋಡೆಗೆ ಅಲ್ಲೊಂದು ಕಲಂ ಇರಲಿಲ್ಲ. ಇರಬೇಕು.

ಅಲ್ಲಿಯವರೆಗೆ ಮನೆಯವರೇ ಮಾಡಬಹುದಾದದ್ದು ಇಷ್ಟು. ನೀರು ಇಳಿದ ದಿನವೇ ಬಾಗಿಲು, ಕಿಟಕಿ, ಬೆಳಕಿಂಡಿ ತೆರೆಯಿರಿ, ಸಾಮಾನು ಗೋಡೆಯಿಂದ ದೂರ ಸರಿಸಿ. ಒಣ ಬೂಷ್ಟನ್ನು ಕಸಬರಿಗೆಯಿಂದ ಗುಡಿಸಬೇಡಿ, ಲಕ್ಷಾಂತರ ಕಣ ಮೂಗಿಗೆ ಬರುತ್ತವೆ. ಎನ್-95 ಮಾಸ್ಕ್ ಹಾಕಿ ಸೋಪಿನ ನೀರಿನಿಂದ ಒರೆಸಿ. ಬ್ಲೀಚ್ ಬಳಸುವುದಾದರೆ ಅದಕ್ಕೆ ಕಕ್ಕಸು ತೊಳೆಯುವ ಆ್ಯಸಿಡ್ ಬೆರೆಸಲೇಬೇಡಿ, ಕ್ಲೋರಿನ್ ವಿಷಾನಿಲ ಏಳುತ್ತದೆ. ನೆನೆದ ಹತ್ತಿ ಹಾಸಿಗೆ ಉಳಿಯದು; ಕೌದಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ಉಳಿದೀತು. ಬಣ್ಣ ಬಳಿಯುವ ಮುನ್ನ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಬಿಗಿಯಾಗಿ ಗೋಡೆಗೆ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ ಇದೆ. ಕಾಯಿರಿ.